ಹೊಸ್ತಿಲ ಗಂಟೆ

ಬ್ಯಾಟರಿ ಸೆಲ್ಲಿನಲ್ಲಿ ಜೀವ ಇದೆಯೋ ಇಲ್ಲವೋ ಎಂದು ನೋಡಲು ನಾನು ನಾಲಿಗೆ ಹಚ್ಚುತ್ತಿದ್ದೆ. ಎರಡು ತಂತಿಯ ತುದಿಗಳನ್ನು ನಾಲಿಗೆಯ ಮೇಲೆ ಒಂದು ಗೋಧಿಕಾಳಿನಷ್ಟು ದೂರದಲ್ಲಿ ಇಟ್ಟುಕೊಂಡರೆ, ಜೀವ ಇದ್ದಲ್ಲಿ ಹುಣಿಸೆ ಚಿಗುರು ಕಡಿದ ಹಾಗೆ ಹುಳಿ ಚುರುಕ್ಕೆನ್ನುತ್ತಿತ್ತು. ಸತ್ತಿದ್ದರೆ ಬರೀ ತಾಮ್ರ. ಮೀಟರು ಎನ್ನುವ ವಸ್ತುವನ್ನು ತಂತಿ ಆಫೀಸಿನಲ್ಲಿ ದೊಡ್ಡವರ ಮೇಜಿನ ಮೇಲೆ ನೋಡಿದ್ದೆನೇ ಹೊರತು ಕೈಯಲ್ಲಿ ಹಿಡಿದವನಲ್ಲ. ಹೆಂಡತಿ ಸತ್ತ ವರ್ಷ ನನ್ನ ನಾಲಿಗೆಗೆ ರುಚಿ ಅಂತ ತಿಳಿಯುತ್ತಿದ್ದದ್ದು ಆ ಹುಳಿ ಒಂದೇ. ಊಟಕ್ಕೆ ಕೂತರೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯೋ ಗೊತ್ತಾಗುತ್ತಿರಲಿಲ್ಲ. ಅಳುವೂ ಬರಲಿಲ್ಲ. ಬಂಧುಬಳಗ ಕಾದು ನೋಡಿತು, ನಾನೂ ಕಾದು ನೋಡಿದೆ, ಬರಲಿಲ್ಲ.

ನಾನು ಆಗ ಚನ್ನಗಿರಿಯಲ್ಲಿದ್ದೆ. ತಂತಿ ಆಫೀಸಿನಲ್ಲಿ ಕೆಲವು ವರ್ಷ ಬ್ಯಾಟರಿ ಜಾಡಿ ತೊಳೆದು, ಮೇಲಿನವರೊಬ್ಬರ ಜೊತೆ ಜಗಳ ಕಾಯ್ದು ಕೆಲಸ ಬಿಟ್ಟು, ಕಳ್ಳರ ಗಂಟೆ ರಿಪೇರಿ ಮಾಡುವವನಾದೆ. ಈಗಿನವರಿಗೆ ಕಳ್ಳರ ಗಂಟೆ ಎಂದರೆ ಬಿಡಿಸಿ ಹೇಳಬೇಕು. ಬಾಗಿಲು ತೆರೆದರೆ ಎರಡು ಹಿತ್ತಾಳೆ ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ, ತಾಗಿದರೆ ಒಳಗೆ ಗೋಡೆಯ ಮೇಲಿನ ಗಂಟೆ ಬಾರಿಸತೊಡಗುತ್ತದೆ. ಇಷ್ಟೇ. ಅದಕ್ಕೆ ಊರಿಗೆ ಕರೆಂಟು ಬಂದಿರಬೇಕೆಂದೇನಿರಲಿಲ್ಲ. ಗಾಜಿನ ಜಾಡಿಯಲ್ಲಿ ನವಸಾಗರ ಕದಡಿದ ನೀರು, ಅದರಲ್ಲಿ ಒಂದು ಸತುವಿನ ಕಡ್ಡಿ, ಒಂದು ಇಂಗಾಲದ ಗಟ್ಟಿ, ಇಂಥ ನಾಲ್ಕಾರು ಜಾಡಿಗಳನ್ನು ಅಟ್ಟದ ಮೇಲೆ ಸಾಲಾಗಿ ಇಟ್ಟರೆ ಸಾಕು. ಈ ಜಾಡಿಗಳದ್ದು ಒಂದು ಗುಣ. ಸ್ವಲ್ಪ ದುಡಿಸಿ ಬಿಡುವು ಕೊಟ್ಟರೆ ವರ್ಷಗಟ್ಟಲೆ ಬಾಳುತ್ತವೆ, ಬಿಡುವಿಲ್ಲದೆ ದುಡಿಸಿದರೆ ಬೇಗ ಸೋಲುತ್ತವೆ.

ಮೂವತ್ತರ ದಶಕದ ಕೊನೆಗೆ ಉಳ್ಳವರ ಮನೆಗಳಲ್ಲಿ ಅದೊಂದು ಶೋಕಿ. ಒಬ್ಬರು ಹಾಕಿಸಿದರೆ ಎದುರುಮನೆಯವರು ಸುಮ್ಮನಿರುತ್ತಾರೆಯೇ? ಆಮೇಲೆ ಯುದ್ಧ ಶುರುವಾಯಿತು, ಸೀಮೆಎಣ್ಣೆ ಸಿಗದೆ ಊರುಗಳೆಲ್ಲ ಕತ್ತಲಾದವು, ಶೋಕಿ ಹೋಗಿ ಭಯ ಬಂತು. ನನಗೆ ಕೆಲಸ ಹೆಚ್ಚಿತು, ಸಾಮಾನು ಕಡಿಮೆಯಾಯಿತು. ನವಸಾಗರವನ್ನು ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಕಾಡಿ ಬೇಡಿ ತರುತ್ತಿದ್ದೆ. ಅವರಿಗೂ ಅದೇ ಬೇಕು, ನನಗೂ ಅದೇ ಬೇಕು.

ಆ ಕೆಲಸದಲ್ಲಿ ನಾನು ಕಲಿತದ್ದೇನೆಂದರೆ, ಕೆಡುವುದು ಗಂಟೆಯಲ್ಲ, ಗಂಟೆ ಇಟ್ಟುಕೊಂಡವರು. ಜಗಳೂರಿನಲ್ಲಿ ಬೇಸಿಗೆ ಬಂದರೆ ಜಾಡಿಯ ನೀರು ಆವಿಯಾಗಿ ಹೋಗುತ್ತಿತ್ತು. ಒಂದು ಮನೆಯವರು ಅದಕ್ಕೆ ಬಾವಿಯ ಸವುಳು ನೀರು ತುಂಬಿ, ಜಾಡಿಯ ಬಾಯಿಗೆಲ್ಲ ಬಿಳಿ ಉಪ್ಪಿನ ಹಕ್ಕಳೆ ಕಟ್ಟಿಸಿ, ಗಂಟೆ ಮೂಕಾಯಿತೆಂದು ನನ್ನ ಮೇಲೆ ಹರಿಹಾಯ್ದರು. ಸಂತೇಬೆನ್ನೂರಿನಲ್ಲಿ ಒಬ್ಬರು ಗಂಟೆಗೆ ದೃಷ್ಟಿಯಾಗಬಾರದೆಂದು ಅದರ ಸುತ್ತಿಗೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಸುತ್ತಿಗೆ ಏಳಲಾರದೆ ಜೋತುಬಿದ್ದಿತ್ತು. ಕಳ್ಳನ ದೃಷ್ಟಿ ಪೆಟ್ಟಿಗೆಯ ಮೇಲೆ ಬೀಳುತ್ತದೆಯೇ ಹೊರತು ಗಂಟೆಯ ಮೇಲೆ ಯಾಕೆ ಬೀಳುತ್ತದೆ ಸ್ವಾಮಿ ಎಂದು ಕೇಳಿದ್ದಕ್ಕೆ ಅವರು ನನಗೆ ಕಾಫಿ ಕೊಡಲಿಲ್ಲ. ಹೊನ್ನಾಳಿಯಲ್ಲಿ ಹೊಳೆಯ ಥಂಡಿಗೆ ತಂತಿಯ ಮೇಲಿನ ನೂಲೆಲ್ಲ ಬೂಷ್ಟು ಹಿಡಿದು, ಮಳೆಗಾಲದಲ್ಲಿ ಕಳ್ಳನಿಲ್ಲದೆಯೇ ಗಂಟೆ ಬಾರಿಸಿ ಓಣಿಗೆ ಓಣಿಯೇ ದೊಣ್ಣೆ ಹಿಡಿದು ಬರುತ್ತಿತ್ತು. ನಮ್ಮ ಚನ್ನಗಿರಿಯ ಇಲಿಗಳಿಗೋ ತಂತಿಗೆ ಸವರಿದ ಮೇಣ ಎಂದರೆ ಪಂಚಪ್ರಾಣ. ಇಂಥವನ್ನೆಲ್ಲ ನೋಡಿ ನನಗೆ ಸಿಟ್ಟು ಬರುತ್ತಿತ್ತು, ಮನೆಗೆ ಬಂದು ಹೆಂಡತಿಯ ಮುಂದೆ ಅವರ ಹಾಗೆಯೇ ಮಾತಾಡಿ ತೋರಿಸುತ್ತಿದ್ದೆ. ಅವಳು ನಗುತ್ತಿದ್ದಳು. ನಕ್ಕು ನಕ್ಕು ರೊಟ್ಟಿ ಸೀದುಹೋದದ್ದೂ ಉಂಟು.

ಅವಳು ಹೋದದ್ದು ಮಳೆಗಾಲದಲ್ಲಿ, ಜ್ವರ ಬಂದು. ಹೆಚ್ಚು ದಿನ ಮಲಗಲಿಲ್ಲ. ಅದಾದ ಮೇಲೆ ಸಿಟ್ಟು ಕೂಡ ನನ್ನನ್ನು ಬಿಟ್ಟುಹೋಯಿತು. ಕರೆದಲ್ಲಿಗೆ ಹೋಗುತ್ತಿದ್ದೆ, ಜಾಡಿ ತೊಳೆಯುತ್ತಿದ್ದೆ, ತಂತಿ ಕೆರೆದು ಬಿಗಿಯುತ್ತಿದ್ದೆ, ಬರುತ್ತಿದ್ದೆ. ಯಾರಾದರೂ ಹರಿಹಾಯ್ದರೆ ಹೌದು ಎನ್ನುತ್ತಿದ್ದೆ. ಅವಳು ಶುಕ್ರವಾರ ಶುಕ್ರವಾರ ಹೊಸ್ತಿಲಿಗೆ ಹಚ್ಚುತ್ತಿದ್ದ ಅರಿಸಿನ ಮೊದಲು ಅಂಚಿನಲ್ಲಿ ಮಾಸಿತು, ಆಮೇಲೆ ನಡುವೆ ಮಾಸಿತು, ಕೊನೆಗೆ ಬರೀ ಮರ ಉಳಿಯಿತು. ಅದನ್ನು ದಾಟಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ನೋಡುತ್ತಿದ್ದೆ. ನೋಡಿದರೆ ಏನೂ ಅನ್ನಿಸುತ್ತಿರಲಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ನ್ಯಾಮತಿಯಿಂದ ಕರೆ ಬಂತು. ಅದು ಕಾಳಿನ ವ್ಯಾಪಾರದ ಸಾಹುಕಾರರೊಬ್ಬರ ಮನೆ. ನನಗೆ ಹಳೆಯ ಪರಿಚಯ. ಗಂಟೆ ಹಾಕಿದವನು ನಾನಲ್ಲದಿದ್ದರೂ ಅದರ ಜಾಡಿ ತೊಳೆದು ನೀರು ಬದಲಾಯಿಸಲು ಆಗಾಗ ಹೋಗುತ್ತಿದ್ದೆ. ಈ ಸಲ ಸಾಹುಕಾರರ ಮಗನೇ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಬಂದಿದ್ದ. ಮನೆಗೆ ಕಳ್ಳ ನುಗ್ಗಿ ಅವನ ಹೆಂಡತಿಯ ಒಡವೆ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಿದ್ದನಂತೆ. ಗಂಟೆ ಬಾರಿಸಲಿಲ್ಲವಂತೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಅವನು ಉಳಿದದ್ದನ್ನು ಹೇಳಿದ.

ಸಾಹುಕಾರರಿಗೆ ಒಬ್ಬಳು ತಂಗಿ. ಅವಳ ಗಂಡ ನಾಟಕದವರ ಹಿಂದೆ ಹೋದವನು ತಿರುಗಿ ಬಂದಿರಲಿಲ್ಲ. ಹೀಗಾಗಿ ಬಹಳ ವರ್ಷಗಳಿಂದ ಆಕೆ ಅಣ್ಣನ ಮನೆಯಲ್ಲೇ ಇದ್ದಳು. ಮನೆಯ ಕೀಲಿ ಗೊಂಚಲು ಆಕೆಯ ಸೊಂಟದಲ್ಲಿರುತ್ತಿತ್ತು. ಎಲ್ಲರಿಗಿಂತ ಕೊನೆಗೆ ಮಲಗುವವಳೂ ಆಕೆಯೇ, ಎಲ್ಲರಿಗಿಂತ ಮೊದಲು ಏಳುವವಳೂ ಆಕೆಯೇ. ಆದ್ದರಿಂದ ರಾತ್ರಿ ಬಾಗಿಲು ಹಾಕಿದ ಮೇಲೆ ಗಂಟೆಯ ಸ್ವಿಚ್ಚು ಹಾಕುವುದು, ಬೆಳಿಗ್ಗೆ ಆರಿಸುವುದು ಆಕೆಯ ಪಾಲಿಗೆ ಬಂದಿತ್ತು. ಕಳುವಾದ ಬೆಳಿಗ್ಗೆಯೂ ಎದ್ದವಳೇ ಅಭ್ಯಾಸದಂತೆ ಮೊದಲು ಸ್ವಿಚ್ಚು ಆರಿಸಿ, ಆಮೇಲೆ ಬಾಗಿಲ ಕಡೆ ತಿರುಗಿದ್ದಳು. ಬಾಗಿಲು ತೆರೆದೇ ಇತ್ತು. ಕಳ್ಳ ಹೊರಗಿನವನು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸಂದಿಯಲ್ಲಿ ಕಬ್ಬಿಣದ ಪಟ್ಟಿ ತೂರಿಸಿ ಅಗುಳಿ ಎತ್ತಿದ ಗೀರು ಹಾಗೇ ಇತ್ತು. ಆದರೆ ಗಂಟೆ ಯಾಕೆ ಬಾರಿಸಲಿಲ್ಲ? ಒಳಗಿನವರು ಯಾರೋ ಸ್ವಿಚ್ಚು ಹಾಕದೇ ಬಿಟ್ಟಿರಬೇಕು. ಓಡಿಹೋದ ಗಂಡ ಗುಟ್ಟಾಗಿ ಬಂದಿದ್ದಾನೆ, ಇವಳೇ ದಾರಿ ಬಿಟ್ಟುಕೊಟ್ಟಿದ್ದಾಳೆ ಎಂದು ಓಣಿಯಲ್ಲಿ ಮಾತು ಹುಟ್ಟಿತ್ತು.

"ಅಪ್ಪ ಕೀಲಿ ಇಸ್ಕಂಡ್ರು. ಒಳಮನಿಗೆ ಹೋಗಬ್ಯಾಡ ಅಂದ್ರು," ಎಂದ ಹುಡುಗ. "ನೀವು ಗಂಟೆ ಕೆಟ್ಟೈತೆ ಅಂದ್ರೆ ಸರಿ. ಇಲ್ಲಾಂದ್ರೆ ನಮ್ಮತ್ತೆ ಇನ್ನು ಈ ಮನಿಯಾಗೆ ಇರಾಕೆ ಆಗಂಗಿಲ್ರೀ."

ನಾನು ಹ್ಞೂಂ ಎಂದೆ. ಹೊರಗೆ ಬಿಸಿಲಿತ್ತು. ಏರು ಬಂದಾಗ ಬಸ್ಸು ಕೆಮ್ಮುತ್ತಾ ನಿಂತುಬಿಟ್ಟಿತು, ಎಲ್ಲರೂ ಇಳಿದು ನಡೆದೆವು, ಮತ್ತೆ ಹತ್ತಿದೆವು.

ಆ ಮನೆಯ ಗಂಟೆ ಬೇರೆ ಮನೆಗಳ ಗಂಟೆಯ ಹಾಗಿರಲಿಲ್ಲ. ಮುಂಬಾಗಿಲು ಸಾಹುಕಾರರ ತಂದೆಯವರ ಕಾಲದ್ದು, ಮೈತುಂಬ ಕೆತ್ತನೆ. ಅದಕ್ಕೆ ಒಂದು ಮೊಳೆ ಕೂಡ ಹೊಡೆಯಬಾರದೆಂದು ಅವರು ಹಟ ಹಿಡಿದಿದ್ದರು. ಹಾಗಾಗಿ ಗಂಟೆ ಹಾಕಿದವನು ಹಿತ್ತಾಳೆ ಪಟ್ಟಿಗಳನ್ನು ಹೊಸ್ತಿಲೊಳಗೆ ಹುದುಗಿಸಿದ್ದ. ಹೇಗೂ ಹಳೆಯ ಹೊಸ್ತಿಲು ಗೆದ್ದಲು ಹಿಡಿದು ಬದಲಾಯಿಸಬೇಕಾಗಿತ್ತು. ಹೊಸದರ ಮೇಲುಹಲಗೆ ಒಂದು ಕೂದಲೆಳೆಯಷ್ಟು ಸಡಿಲ. ಅದರ ಮೇಲೆ ಭಾರ ಬಿದ್ದರೆ ಹಲಗೆ ಇಳಿದು, ಒಳಗಿನ ಪಟ್ಟಿಗಳು ಕೂಡಿ, ಗಂಟೆ ಬಾರಿಸುತ್ತದೆ. ಒಮ್ಮೆ ಬಾರಿಸತೊಡಗಿದರೆ ಒಂದು ಸಣ್ಣ ಕೊಕ್ಕೆ ಬಿದ್ದು, ಭಾರ ತೆಗೆದರೂ ನಿಲ್ಲದ ಹಾಗೆ ಮಾಡಿದ್ದ. ಸ್ವಿಚ್ಚು ಆರಿಸಿದರೆ ಮಾತ್ರ ನಿಲ್ಲುತ್ತಿತ್ತು. ಕೆಲಸ ಅಚ್ಚುಕಟ್ಟಾಗಿತ್ತು ಎಂದು ನಾನೂ ಮೆಚ್ಚಿಕೊಂಡಿದ್ದೆ.

ಸಾಹುಕಾರರು ನಡುಮನೆಯಲ್ಲಿ ಕೂತಿದ್ದರು. ಕಳೆದ ಸಲ ನೋಡಿದ್ದಕ್ಕಿಂತ ಮುಖ ಇಳಿದಿತ್ತು. ಓಣಿಯ ಹಿರಿಯರಿಬ್ಬರು ಕಂಬಳಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ತಂಗಿ ಕಂಬದ ಹತ್ತಿರ ನಿಂತಿದ್ದಳು. ನಾನು ಹೋದಾಗಲೆಲ್ಲ ಬೆಲ್ಲ ನೀರು ತಂದುಕೊಡುತ್ತಿದ್ದವಳು ಆಕೆ. ಈ ಸಲ ಸಾಹುಕಾರರ ಹೆಂಡತಿ ತಂದುಕೊಟ್ಟರು.

"ಮೇಸ್ತ್ರಿ, ನನಗೆ ಒಂದೇ ಮಾತು ಬೇಕು," ಎಂದರು ಸಾಹುಕಾರರು. "ಗಂಟೆ ಕೆಟ್ಟಿತ್ತೋ, ಇಲ್ಲಾ ಬಂದ್ ಆಗಿತ್ತೋ. ಅಷ್ಟು ನೋಡಿ ಹೇಳ್ರಿ. ನಾಳೆ ಪೊಲೀಸ್ನೋರು ಬರ್ತಾರೆ, ಅವ್ರ ಮುಂದೆ ಮನೆ ಹೆಣ್ಮಗಳನ್ನ ನಿಲ್ಸಾಕೆ ನನಗೆ ಆಗಂಗಿಲ್ಲ. ಅದಕ್ಕೂ ಮುಂಚೆ ನನಗೆ ಗೊತ್ತಾಗ್ಬೇಕು."

"ಕೆಟ್ಟಿತ್ತು ಅಂದ್ರೆ ಎಲ್ರಿಗೂ ಸುಖ," ಎಂದರು ಹಿರಿಯರಲ್ಲಿ ಒಬ್ಬರು.

ನಾನು ಚೀಲ ಬಿಚ್ಚಿದೆ. ಇಂಥ ಕೆಲಸದಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೆ. ಮೊದಲು ಗಂಟೆಯನ್ನು ಗೋಡೆಯಿಂದ ಬಿಚ್ಚಿ ನೇರವಾಗಿ ಜಾಡಿಗೆ ಹಚ್ಚಬೇಕು. ಹಚ್ಚಿದೆ, ಬಾರಿಸಿತು. ಆಮೇಲೆ ಜಾಡಿಗಳನ್ನು ಒಂದೊಂದಾಗಿ ನಾಲಿಗೆಗೆ ತಾಗಿಸಿಕೊಂಡೆ. ಎಲ್ಲದರಲ್ಲೂ ಹುಳಿ ಇತ್ತು. ಆದರೂ ಸತುವಿನ ಕಡ್ಡಿಗಳನ್ನು ಕೆರೆದು, ಹಳೆಯ ನೀರು ಚೆಲ್ಲಿ, ಹೊಸದಾಗಿ ನವಸಾಗರ ಕದಡಿ ತುಂಬಿದೆ. ಬೇಕಿರಲಿಲ್ಲ, ಕೈ ತನ್ನ ಪಾಡಿಗೆ ಮಾಡಿತು. ಆಮೇಲೆ ತಂತಿಯನ್ನು ಅಟ್ಟದಿಂದ ಹೊಸ್ತಿಲವರೆಗೆ ಬೆರಳಲ್ಲಿ ಹಿಡಿದು ಹಿಡಿದು ಬಂದೆ. ಇಲಿ ಕಡಿದಿರಲಿಲ್ಲ, ಥಂಡಿ ಹಿಡಿದಿರಲಿಲ್ಲ, ತುಂಡಾಗಿರಲಿಲ್ಲ. ಸ್ವಿಚ್ಚು ಬಿಚ್ಚಿ ನೋಡಿದೆ. ಹಾಕಿದರೆ ಹಿಡಿಯುತ್ತಿತ್ತು, ಆರಿಸಿದರೆ ಬಿಡುತ್ತಿತ್ತು.

ಅದನ್ನು ಮತ್ತೆ ಗೋಡೆಗೆ ಬಿಗಿಯುತ್ತಿದ್ದಾಗ ಸಾಹುಕಾರರ ತಂಗಿ ಹತ್ತಿರ ಬಂದಳು.

"ಕೆಟ್ಟಿದ್ದು ಏನಾರ ಸಿಕ್ತೇನ್ರಿ ಮೇಸ್ತ್ರಿ?"

"ಇಲ್ಲ ತಾಯಿ. ಎಲ್ಲಾ ಸರಿ ಐತೆ."

"ಆವತ್ತು ನಾನು ಸ್ವಿಚ್ಚು ಹಾಕಿದ್ದೆ ರೀ. ಹಾಕಿ, ದೀಪ ಸಣ್ಣ ಮಾಡಿ ಮಲಗಿದೆ."

"ಅದನ್ನ ಗಂಟೆ ಹೇಳಂಗಿಲ್ಲ ತಾಯಿ," ಎಂದೆ.

ಆಕೆ ಹೌದೆನ್ನುವಂತೆ ತಲೆಯಾಡಿಸಿ ಮತ್ತೆ ಕಂಬದ ಹತ್ತಿರ ಹೋಗಿ ನಿಂತಳು. ಬೇರೆ ವರ್ಷವಾಗಿದ್ದರೆ ನನಗೆ ಆಕೆಯ ಮೇಲೆ ಕನಿಕರ ಬರುತ್ತಿತ್ತು, ಸುಳ್ಳಿಗಾದರೂ ಒಂದು ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದು ತೋರಿಸುತ್ತಿದ್ದೆನೋ ಏನೋ. ಆ ವರ್ಷ ಕನಿಕರ ಎನ್ನುವುದು ಯಾವ ಕಡೆಯಿಂದ ಬರುತ್ತದೆ ಎಂದೇ ನನಗೆ ಮರೆತುಹೋಗಿತ್ತು. ಕೊನೆಯದಾಗಿ ಸ್ವಿಚ್ಚು ಹಾಕಿ, ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಂದಿನಂತೆ ಅಂಗೈಯಿಂದ ಹಲಗೆಯನ್ನು ಬಲವಾಗಿ ಒತ್ತಿದೆ. ಗಂಟೆ ಮನೆ ಹಾರಿಹೋಗುವ ಹಾಗೆ ಬಾರಿಸಿತು. ಎದ್ದು ಹೋಗಿ ಸ್ವಿಚ್ಚು ಆರಿಸಿ, ಕೊಕ್ಕೆ ಬಿಟ್ಟಿದೆಯೇ ನೋಡಿ, ಮತ್ತೆ ಹಾಕಿದೆ. ಒತ್ತಿದ ಕೈಯನ್ನು ಎಂದಿನಂತೆ ಕಣ್ಣಿಗೆ ಒತ್ತಿಕೊಂಡೆ. ಹೊಸ್ತಿಲನ್ನು ಮುಟ್ಟಿದರೆ ಹಾಗೆ ಮಾಡುವುದು ನನಗೆ ಚಿಕ್ಕಂದಿನಿಂದ ಬಂದ ರೂಢಿ.

"ಗಂಟೆ ಸರಿ ಐತೆ ಸಾಹುಕಾರ್ರೆ. ಕೆಟ್ಟಿರಲಿಲ್ಲ," ಎಂದೆ.

ಸಾಹುಕಾರರು ತಂಗಿಯ ಕಡೆ ನೋಡಿ, "ಕೇಳಿದ್ಯಾ," ಎಂದರು. ಆ ಮಾತು ಜೋರಾಗಿರಲಿಲ್ಲ. ಆಮೇಲೆ, "ಸಾಸ್ವೆಹಳ್ಳಿಗೆ ಹೋಗು. ಸ್ವಾದರಮಾವ್ರ ಮನೆಗೆ. ಮಧ್ಯಾಹ್ನದ ಮೇಲೆ ಬಸ್ಸೈತೆ," ಎಂದರು. ಆಕೆ ಬಟ್ಟೆ ಗಂಟು ಕಟ್ಟಲು ಒಳಗೆ ಹೋದಳು. ಹುಡುಗ ನನ್ನ ಮುಖ ನೋಡಿದ. ನಾನು ಸ್ಕ್ರೂಡ್ರೈವರು ಒರೆಸಿ ಚೀಲಕ್ಕೆ ಹಾಕಿದೆ.

ಊಟದ ಹೊತ್ತಾಗಿತ್ತು. ಇಂಥ ದಿನ ಊಟ ಬೇಡವೆನ್ನಲು ಬಾಯಿ ಬರಲಿಲ್ಲ, ಅವರೂ ಬಿಡಲಿಲ್ಲ. ಎಲ್ಲರೂ ಅಂಗಳಕ್ಕೆ ಹೋಗಿ ಕೈಕಾಲು ತೊಳೆದುಕೊಂಡು ಬಂದೆವು. ಸಾಹುಕಾರರು ಮೊದಲು, ಹಿರಿಯರು ಅವರ ಹಿಂದೆ, ಮಗ ಅವರ ಹಿಂದೆ, ಕೊನೆಗೆ ನಾನು. ಸಾಲಾಗಿ ಕೂತೆವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ನಾನು ಮುರಿದು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ನನ್ನ ಎದುರಿಗೇ ಗೋಡೆಯ ಮೇಲೆ ಗಂಟೆಯ ಸ್ವಿಚ್ಚು ಇತ್ತು. ಅದರ ಹಿಡಿ ಕೆಳಗಿತ್ತು.

ಹಿಡಿ ಕೆಳಗಿದ್ದರೆ ಗಂಟೆ ಎಚ್ಚರವಾಗಿದೆ ಎಂದರ್ಥ. ನಾನೇ ಹಾಕಿದ್ದೆ, ಆರಿಸುವುದನ್ನು ಮರೆತಿದ್ದೆ. ನಾವೆಲ್ಲ ಈಗತಾನೇ ಆ ಬಾಗಿಲಿಂದ ಹೊರಗೆ ಹೋಗಿ, ಅದೇ ಬಾಗಿಲಿಂದ ಒಳಗೆ ಬಂದು ಕೂತಿದ್ದೇವೆ. ಗಂಟೆ ಬಾರಿಸಿಲ್ಲ.

ನಾನು ಎಂಜಲು ಕೈಯಲ್ಲೇ ಎದ್ದುನಿಂತೆ. ಊಟದ ನಡುವೆ ಎದ್ದದ್ದಕ್ಕೆ ಒಬ್ಬ ಹಿರಿಯರು ಮುಖ ಗಂಟಿಕ್ಕಿದರು.

"ಸಾಹುಕಾರ್ರೆ, ತಪ್ಪು ತಿಳಕಬ್ಯಾಡ್ರಿ. ಸ್ವಲ್ಪ ಹೊರಗೆ ಹೋಗಿ ಒಳಗೆ ಬರ್ರಿ."

"ಊಟದಾಗೆ ಇದೇನ್ರಿ ಮೇಸ್ತ್ರಿ?"

"ಒಂದ್ಸಲ ಹೋಗಿ ಬರ್ರಿ."

ಅವರು ನನ್ನನ್ನೇ ನೋಡುತ್ತಾ ಎದ್ದು ಬಾಗಿಲ ಹತ್ತಿರ ಹೋದರು. ಆ ಮನೆಯ ಹೊಸ್ತಿಲು ಎತ್ತರ. ಪಂಚೆಯನ್ನು ತುಸು ಎತ್ತಿ ಹಿಡಿದು, ಬಲಗಾಲು ಆಚೆ ಇಟ್ಟು, ಎಡಗಾಲು ಅದರ ಹಿಂದೆ ತಂದರು. ತಿರುಗಿ ಅದೇ ರೀತಿ ಒಳಗೆ ಬಂದರು. ಸದ್ದಿಲ್ಲ. ಮಗನಿಗೆ ಹೋಗೆಂದೆ. ಅವನೂ ದಾಟಿ ಹೋದ, ದಾಟಿ ಬಂದ. ಹಿರಿಯರಿಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಹೋಗಿಬಂದರು. ವಯಸ್ಸಾದವರು, ಕಾಲು ಎತ್ತುವುದು ಅವರಿಗೆ ಕಷ್ಟ. ಆದರೂ ಎತ್ತಿದರು. ಕೊನೆಗೆ ನಾನೇ ಹೋಗಿ ಬಂದೆ. ಬೇಕೆಂದೇ ತುಳಿಯೋಣವೆಂದು ಹೊರಟಿದ್ದೆ, ಕಾಲು ತಾನಾಗಿಯೇ ದಾಟಿಬಿಟ್ಟಿತು.

"ಈಗ ಹೊಸ್ತಿಲು ತುಳೀರಿ ಸಾಹುಕಾರ್ರೆ," ಎಂದೆ.

"ಏನ್ ಮಾತು ಅಂತ ಆಡ್ತೀರಿ. ಮನಿ ಹೊಸ್ತಿಲು ತುಳಿಯಾಕೆ ಆಗ್ತೈತೇನ್ರಿ?"

"ಅದಕ್ಕೇ ಗಂಟೆ ಬಾರಿಸಲಿಲ್ಲ," ಎಂದೆ. "ತುಳಿದ್ರೆ ಮಾತ್ರ ಬಾರಿಸಂಗೆ ಮಾಡಿಟ್ಟಾರೆ. ಈ ಸೀಮ್ಯಾಗೆ ತುಳಿಯೋರು ಯಾರದಾರೆ?"

ಗಂಟೆ ಹಾಕಲು ಬಂದಿದ್ದವನು ಪರವೂರಿನವನು, ಬೂಟು ಹಾಕಿದವನು. ಅವತ್ತು ಅವನು ಹೊಸ್ತಿಲ ಮೇಲೆ ಬೂಟುಗಾಲಿನಲ್ಲಿ ನಿಂತು ಕುಣಿದು ಗಂಟೆ ಬಾರಿಸಿ ತೋರಿಸಿದ್ದನ್ನು, ಅವನು ಹೋದ ಮೇಲೆ ಹೊಸ್ತಿಲನ್ನು ಎರಡೆರಡು ಸಲ ತೊಳೆದದ್ದನ್ನು ಈ ಮನೆಯವರು ನನಗೇ ಹೇಳಿ ನಕ್ಕಿದ್ದರು. ನಾನೂ ನಕ್ಕಿದ್ದೆ. ಅದಾದ ಮೇಲೆ ಆ ಹಲಗೆಯ ಮೇಲೆ ಯಾರ ಕಾಲೂ ಬಿದ್ದಿರಲಿಲ್ಲ. ಪರೀಕ್ಷೆ ಮಾಡುವ ನಾನೇ ಪ್ರತಿ ಸಲವೂ ಕೈಯಿಂದ ಒತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಹೊಸ್ತಿಲ ಮೇಲೆ ಹತ್ತಿ ಇಳಿಯುವಂಥ ಚಿಕ್ಕ ಮಕ್ಕಳೂ ಆ ಮನೆಯಲ್ಲಿರಲಿಲ್ಲ. ಎಷ್ಟೋ ವರ್ಷಗಳಿಂದ ಅವರೆಲ್ಲ ನಿಶ್ಚಿಂತೆಯಾಗಿ ಮಲಗುತ್ತಿದ್ದುದು ಯಾರಿಗೂ ಬಾರಿಸದ ಗಂಟೆಯನ್ನು ನಂಬಿಕೊಂಡು.

"ಕಳ್ಳ ಆದ್ರೇನು, ಅವನೂ ಒಬ್ರ ಮನ್ಯಾಗೆ ಹುಟ್ಟಿ ಬೆಳದೋನಲ್ವೇನ್ರಿ," ಎಂದರು ಹಿರಿಯರಲ್ಲಿ ಒಬ್ಬರು. "ಕದಿಯಾಕೆ ಬಂದೋನೂ ದಾಟೇ ಬಂದಾನೆ." ಯಾರೂ ನಗಲಿಲ್ಲ. ಅವರೂ ನಗಿಸಲು ಹೇಳಿದ್ದಲ್ಲ.

ನಾನು ಹೋಗಿ ಸ್ವಿಚ್ಚು ಆರಿಸಿದೆ. ಸಾಹುಕಾರರು ಬಾಗಿಲಲ್ಲೇ ನಿಂತು ಹೊಸ್ತಿಲನ್ನು ನೋಡುತ್ತಿದ್ದರು. ತಂಗಿಯ ಮೇಲೆ ಇದ್ದ ಸಾಕ್ಷಿ ಎಂದರೆ ಬಾರಿಸದ ಗಂಟೆ ಒಂದೇ, ಅದು ಈಗ ಹೋಗಿತ್ತು. ಅವರ ಮುಖದಲ್ಲಿ ಸಮಾಧಾನ ಬಂತು. ತಂಗಿ ಎಂದರೆ ಅವರಿಗೆ ಪ್ರೀತಿ ಇತ್ತು ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಒಳಗಿನ ಕಡೆ ತಿರುಗಿ ಅವಳನ್ನು ಕರೆದರು. ಆಕೆ ಬಟ್ಟೆ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ನಡೆದದ್ದೆಲ್ಲ ಒಳಗಿನಿಂದ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಆತು ಬಿಡವ್ವ," ಎಂದರು ಸಾಹುಕಾರರು. "ಗಂಟೆದೇ ತಪ್ಪು ಅಂತ ಮೇಸ್ತ್ರಿ ಹೇಳಿದ್ರಲ್ಲ. ಗಂಟು ಒಳಗಿಡು. ಊಟ ಮಾಡು."

ಸಾಹುಕಾರರ ಹೆಂಡತಿ ತಮ್ಮ ಸೊಂಟದಿಂದ ಕೀಲಿ ಗೊಂಚಲು ಬಿಚ್ಚಿ ನಾದಿನಿಯ ಮುಂದೆ ಹಿಡಿದರು. ಆಕೆ ಅದನ್ನು ನೋಡಿದಳೇ ಹೊರತು ಕೈ ಚಾಚಲಿಲ್ಲ.

"ಗಂಟೇನ ಕೇಳಾಕೆ ಚನ್ನಗಿರಿಯಿಂದ ಮೇಸ್ತ್ರಿನ ಕರೆಸಿದ್ಯಲ್ಲಣ್ಣ," ಎಂದಳು. "ನಾನು ಇಲ್ಲೇ ಕಂಬದ ಹತ್ರ ನಿಂತಿದ್ದೆ. ಸ್ವಿಚ್ಚು ಹಾಕಿದ್ಯೇನವ್ವ ಅಂತ ನನ್ನ ಒಂದು ಮಾತು ಕೇಳಬೋದಿತ್ತು."

ಹಿರಿಯರು ಎಲೆಯ ಮೇಲಿನ ರೊಟ್ಟಿಯನ್ನು ನೋಡುತ್ತಾ ಕೂತರು. ಆಕೆ ನನ್ನ ಕಡೆ ಬಂದಳು. ನಾನು ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದೆ. ಕೈ ಮೇಲೆತ್ತಿ, ದಿನಾ ರಾತ್ರಿ ಹಾಕುತ್ತಿದ್ದ ಹಾಗೆಯೇ, ಹಿಡಿಯನ್ನು ಕೆಳಗೆ ಎಳೆದಳು. ಆಕೆ ಮತ್ತೆ ಮನೆಯ ಕೆಲಸಕ್ಕೆ ಕೈ ಹಚ್ಚಿದಳೆಂದು ಸಾಹುಕಾರರು ತಿಳಿದಿರಬೇಕು. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆಕೆ ಗಂಟನ್ನು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ಅಲ್ಲಿ ಒಂದು ಕ್ಷಣ ನಿಂತಳು. ಆ ಹೊಸ್ತಿಲಿಗೆ ಶುಕ್ರವಾರ ಶುಕ್ರವಾರ ಅರಿಸಿನ ಹಚ್ಚಿ, ಕುಂಕುಮವಿಟ್ಟು, ಎಳೆ ಎಳೆಯಾಗಿ ರಂಗೋಲಿ ಬಿಡಿಸುತ್ತಿದ್ದವಳು ಆಕೆಯೇ. ಬಲಗಾಲನ್ನು ಎತ್ತಿ, ಆಚೆ ಇಡಲಿಲ್ಲ. ಅರಿಸಿನದ ನಡುವೆ, ಹಲಗೆಯ ಮೇಲೆ ಇಟ್ಟಳು. ಎಡಗಾಲನ್ನೂ ಅದರ ಪಕ್ಕ ತಂದಿಟ್ಟು, ಮೈಭಾರವನ್ನೆಲ್ಲ ಹಾಕಿ ನಿಂತಳು. ಅವಸರವಿರಲಿಲ್ಲ. ಆಮೇಲೆ ಅಂಗಳಕ್ಕೆ ಇಳಿದಳು.

ಗಂಟೆ ಬಾರಿಸಿತು. ನಾನು ಅದೆಷ್ಟೋ ಸಲ ಕೇಳಿದ ಗಂಟೆ, ಆದರೆ ಆವತ್ತಿನ ಹಾಗೆ ಕೇಳಿರಲಿಲ್ಲ. ಅಟ್ಟದ ಮೇಲಿನ ಪಾತ್ರೆಗಳು ಅದುರಿದವು. ಸಾಹುಕಾರರ ಹೆಂಡತಿ ಕೀಲಿ ಗೊಂಚಲನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಎದುರುಮನೆಯ ಬಾಗಿಲು ತೆರೆಯಿತು, ಅದರ ಪಕ್ಕದ್ದೂ ತೆರೆಯಿತು. ಆಕೆ ಅವರ ನಡುವೆ ತಲೆ ತಗ್ಗಿಸದೆ ನಡೆದು ಹೋಗುತ್ತಿದ್ದಳು.

"ಬಂದ್ ಮಾಡ್ರಿ ಮೇಸ್ತ್ರಿ ಅದನ್ನ," ಎಂದರು ಸಾಹುಕಾರರು. ಸದ್ದಿನಲ್ಲಿ ಅವರ ಮಾತು ಅರ್ಧ ಕೇಳಿಸಿತು. ಅವರು ಅಳುತ್ತಿದ್ದರು.

ಸ್ವಿಚ್ಚು ನನ್ನ ಭುಜದ ಪಕ್ಕದಲ್ಲೇ ಇತ್ತು. ಕೈ ಎತ್ತಿದರೆ ಸಿಗುತ್ತಿತ್ತು. ನಾನು ಎತ್ತಲಿಲ್ಲ. ತುಟಿಗೆ ಏನೋ ತಾಗಿದ ಹಾಗಾಗಿ ನಾಲಿಗೆ ಆಡಿಸಿದೆ, ಉಪ್ಪಾಗಿತ್ತು. ಮನೆಯಲ್ಲಿ ನನ್ನ ಹೊಸ್ತಿಲು ಬರೀ ಮರವಾಗಿ ಬಿದ್ದಿರುವುದು ಆಗ ನೆನಪಾಗಿ, ಮೊದಲ ಸಲ ಎದೆ ನೊಂದಿತು. ಜಾಡಿಗಳಿಗೆ ಅವತ್ತು ಬೆಳಿಗ್ಗೆ ನಾನೇ ಹೊಸ ನೀರು ತುಂಬಿದ್ದೆ. ಬಿಡುವಿಲ್ಲದೆ ದುಡಿಸಿದರೆ ಅವು ಬೇಗ ಸೋಲುತ್ತವೆ, ನಿಜ. ಆದರೆ ಆಕೆ ಬಸ್ಸು ನಿಲ್ಲುವ ಕಟ್ಟೆಯವರೆಗೆ ನಡೆದು ಹೋಗುವಷ್ಟು ಹೊತ್ತು ಬಾರಿಸುತ್ತವೆ ಎಂದು ನನಗೆ ಗೊತ್ತಿತ್ತು.